ಹೆಸರು ಕೆಟ್ಟ ಬಗೆ

ಇಂದಿನ ನನ್ನ ಮಾತು ಒಂದು ಪಟ್ಟಿಯ ಚರಿತ್ರೆಯನ್ನು ಕುರಿತದ್ದು. ಅರಸರ ವಂಶಾವಳಿಯಂಥ ಪಟ್ಟಿಯಲ್ಲ. ಕಂಪ್ಯೂಟರುಗಳ ಹೆಸರನ್ನೂ ಅವುಗಳ ವಿಳಾಸವನ್ನೂ ಸಾಲುಸಾಲಾಗಿ ಬರೆದಿಟ್ಟ ಪಟ್ಟಿ. ಅದು ಬೆಳೆದದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, 1970ರ ದಶಕದಲ್ಲಿ. ಅದರ ಒಂದು ಚೂರು ನಮ್ಮ ಚಿಕ್ಕ ಕಚೇರಿಯ ಒಂದು ಮೇಜಿನ ಮೇಲಿದ್ದ ಯಂತ್ರದ ಹೊಟ್ಟೆಯಲ್ಲಿ ಅಡಗಿ ಕುಳಿತಿತ್ತು. ಏನೂ ತಪ್ಪು ಮಾಡದ ಒಬ್ಬ ಹೆಣ್ಣುಮಗಳ ಇಪ್ಪತ್ತು ವರ್ಷದ ಸೇವೆಗೆ ಮಸಿ ಬಳಿಯುವ ಮಟ್ಟಕ್ಕೆ ಹೋಗಿತ್ತು. ಮಸಿ ಬಳಿಯುವ ಕಾಗದಕ್ಕೆ ಸಹಿ ಮಾಡಿದವನು ನಾನೇ ಆದ್ದರಿಂದ ಕಥೆಯನ್ನು ಅಲ್ಲಿಂದ ಪ್ರಾರಂಭಿಸುವುದು ನ್ಯಾಯ.

ನಾನು ಕಾರ್ಯದರ್ಶಿಯಾಗಿದ್ದುದು ಹಳೆಯ ಗ್ರಂಥಗಳನ್ನು ಅಚ್ಚುಹಾಕಿಸುವ, ಜೊತೆಗೊಂದು ವಾಚನಾಲಯವನ್ನೂ ನಡೆಸುವ ಸಣ್ಣ ಸಂಸ್ಥೆಯಲ್ಲಿ. ಮೇಜಿಗೊಂದರಂತೆ ಆರು ಕಂಪ್ಯೂಟರು, ಎಲ್ಲರಿಗೂ ಸೇರಿ ಒಂದು ಪ್ರಿಂಟರು, ಲೆಕ್ಕದ ಕಡತಗಳನ್ನೆಲ್ಲ ತನ್ನೊಳಗಿಟ್ಟುಕೊಂಡು ಮೂಲೆಯಲ್ಲಿ ಗುಂಯ್‌ಗುಡುವ ಒಂದು ಪೆಟ್ಟಿಗೆ. ಆ ಪೆಟ್ಟಿಗೆಗೆ ನಮ್ಮವರು 'ಭಂಡಾರ' ಎಂದು ಹೆಸರಿಟ್ಟಿದ್ದರು. ಮೇಜಿನ ಮುಂದೆ ಕುಳಿತು ಆ ಹೆಸರನ್ನು ಬೆರಳಚ್ಚಿಸಿದರೆ ಲೆಕ್ಕದ ಪುಸ್ತಕ ತೆರೆದುಕೊಳ್ಳಬೇಕು. ಒಂದು ವರ್ಷ ಮಾರ್ಚ್ ತಿಂಗಳ ಕೊನೆಯಲ್ಲಿ ಹಳೆಯ ಪೆಟ್ಟಿಗೆಯನ್ನು ತೆಗೆದು ಹೊಸದನ್ನು ತಂದಿಟ್ಟರು. ಮರುದಿನ ಐದು ಮೇಜುಗಳಿಗೆ ಭಂಡಾರ ತೆರೆಯಿತು. ಲೆಕ್ಕಪತ್ರ ನೋಡಿಕೊಳ್ಳುವವರ ಮೇಜಿಗೆ ಮಾತ್ರ ತೆರೆಯಲಿಲ್ಲ.

ವರ್ಷಾಂತ್ಯದ ಲೆಕ್ಕ, ಲೆಕ್ಕಪರಿಶೋಧಕರು ಬಂದು ಕುಳಿತಿದ್ದರು. ಐವರಿಗೆ ಸಿಕ್ಕುವುದು ಆಕೆಯೊಬ್ಬರಿಗೇ ಸಿಕ್ಕುವುದಿಲ್ಲವೆಂದರೆ ಜನ ಏನೆಂದುಕೊಳ್ಳಬೇಕು? ಆಕೆ ಮುಟ್ಟಬಾರದ್ದೇನನ್ನೋ ಮುಟ್ಟಿದ್ದಾರೆ ಎಂದು ಕೆಲವರು; ತೋರಿಸಲು ಮನಸ್ಸಿಲ್ಲದ ಲೆಕ್ಕವೇನೋ ಇರಬೇಕು ಎಂದು, ದನಿ ತಗ್ಗಿಸಿ, ಇನ್ನು ಕೆಲವರು. ಮೂರನೆಯ ದಿನ ಸಮಿತಿಯ ಸೂಚನೆಯಂತೆ ವಿವರಣೆ ಕೇಳುವ ಮೆಮೊ ಸಿದ್ಧವಾಯಿತು. ನಾನು ಓದಿದೆ, ಸಹಿ ಹಾಕಿದೆ. ಯಂತ್ರದ ವಿಷಯ ನನಗೆ ತಿಳಿಯದು ಎಂಬುದು ಅಂದು ನನಗೆ ಸಮಾಧಾನ ಕೊಟ್ಟಿತ್ತೆಂದು ಈಗ ಒಪ್ಪಿಕೊಳ್ಳಬೇಕು.

ನಾಲ್ಕನೆಯ ದಿನ ಹೊರಗಿನಿಂದ ಒಬ್ಬ ತರುಣ ಬಂದ. ಆ ಮೇಜಿನ ಮುಂದೆ ಕುಳಿತು ಐದು ನಿಮಿಷ ಏನೇನೋ ಒತ್ತಿ ನೋಡಿ, "ಸಾರ್, ನಂಬರ್ ಹೊಡೆದರೆ ಭಂಡಾರ ಬರುತ್ತೆ, ಹೆಸರು ಹೊಡೆದರೆ ಬರಲ್ಲ. ಯಂತ್ರವೂ ಸರಿಯಾಗಿದೆ, ತಂತಿಯೂ ಸರಿಯಾಗಿದೆ. ಹೆಸರು ಎಲ್ಲೋ ಕೆಟ್ಟಿದೆ," ಎಂದ.

ಹೆಸರು ಕೆಟ್ಟಿದೆ! ಆ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಯಂತ್ರಗಳ ಲೋಕದಲ್ಲಿ ಹೆಸರು ಕೆಡುವುದೆಂದರೇನು, ಅದು ಕೆಡದಂತೆ ನೋಡಿಕೊಳ್ಳಲು ಯಾರು ಯಾರು ಏನೇನು ಮಾಡಿದರು ಎಂಬುದನ್ನು ಆಮೇಲೆ ಕೆಲವು ತಿಂಗಳು ಓದಿದೆ. ಓದಿದಂತೆಲ್ಲ ಅದು ನಮ್ಮ ಗ್ರಂಥಸಂಪಾದನೆಯ ಚರಿತ್ರೆಗೆ ಒಡಹುಟ್ಟಿದಂತೆ ಕಂಡಿತು.

ಕಂಪ್ಯೂಟರುಗಳು ಒಂದನ್ನೊಂದು ಗುರುತಿಸುವುದು ಅಂಕಿಗಳಿಂದ. ಬಹುಮಟ್ಟಿಗೆ ಬಳಕೆಯಲ್ಲಿರುವ ಕ್ರಮದಲ್ಲಿ ಈ ವಿಳಾಸ ನಾಲ್ಕು ಸಂಖ್ಯೆಗಳ ಒಂದು ಸರ. ಒಂದೊಂದೂ 0ಯಿಂದ 255ರೊಳಗಿನದು. ಮನುಷ್ಯನಿಗೆ ಇಂಥ ಸರಗಳು ಬಾಯಿಗೆ ಬರುವುದಿಲ್ಲ. ಅವನಿಗೆ ಹೆಸರು ಬೇಕು. ಹೆಸರನ್ನು ಕೇಳಿ ಅಂಕಿಯನ್ನು ಹೇಳುವ ಒಬ್ಬ ಮಧ್ಯಸ್ಥ ಇಬ್ಬರ ನಡುವೆ ಇರಲೇಬೇಕು. ಈ ಮಧ್ಯಸ್ಥನ ಕಥೆಯೇ ನಾನು ಹೇಳುತ್ತಿರುವ ಕಥೆ.

ದೂರದೂರದ ಕಂಪ್ಯೂಟರುಗಳನ್ನು ಬೆಸೆಯುವ ಆರ್ಪಾನೆಟ್ ಎಂಬ ಜಾಲವನ್ನು ಅಮೆರಿಕದ ರಕ್ಷಣಾ ಇಲಾಖೆಯ ನೆರವಿನಿಂದ ಹೆಣೆಯತೊಡಗಿದ್ದು 1969ರಲ್ಲಿ. ಆ ವರ್ಷದ ಅಕ್ಟೋಬರ್ 29ರಂದು ಲಾಸ್ ಏಂಜಲೀಸಿನ ವಿಶ್ವವಿದ್ಯಾನಿಲಯದಿಂದ ಮೆನ್ಲೋ ಪಾರ್ಕಿನ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಗೆ ಮೊದಲ ಸಂದೇಶ ಹೊರಟಿತು. ಕಳಿಸಬೇಕೆಂದಿದ್ದುದು 'ಲಾಗಿನ್' ಎಂಬ ಪದ. ಎರಡು ಅಕ್ಷರ ತಲುಪುವಷ್ಟರಲ್ಲಿ ಆಚೆಯ ಯಂತ್ರ ಕುಸಿಯಿತು. ವರ್ಷ ಮುಗಿಯುವ ಹೊತ್ತಿಗೆ ಜಾಲದಲ್ಲಿದ್ದುವು ನಾಲ್ಕು ಠಾಣೆಗಳು. ನಾಲ್ಕೇ ಮನೆಯ ಊರಿನಲ್ಲಿ ವಿಳಾಸದ ಪುಸ್ತಕ ಯಾರಿಗೆ ಬೇಕು? ಮನೆಗಳು ಹೆಚ್ಚಿದಂತೆ ಪ್ರತಿಯೊಂದು ಠಾಣೆಯವರೂ ತಮ್ಮ ತಮ್ಮ ಅನುಕೂಲಕ್ಕೆ ಒಂದೊಂದು ಪಟ್ಟಿ ಮಾಡಿಕೊಂಡರು. ಇವರು ಒಂದು ಯಂತ್ರವನ್ನು ಒಂದು ಹೆಸರಿನಿಂದ ಕರೆದರೆ ಅವರು ಇನ್ನೊಂದರಿಂದ. ಇವರ ಪಟ್ಟಿಯಲ್ಲಿ ಹೊಸ ವಿಳಾಸವಿದ್ದರೆ ಅವರದರಲ್ಲಿ ಹಳೆಯದು.

ಓಲೆಗರಿಯ ಪ್ರತಿಗಳನ್ನು ಮುಂದಿಟ್ಟುಕೊಂಡು ಕುಳಿತವರಿಗೆ ಈ ಅವಸ್ಥೆಯನ್ನು ವಿವರಿಸಬೇಕಾಗಿಲ್ಲ. ಒಂದು ಕಾವ್ಯಕ್ಕೆ ಹತ್ತು ಪ್ರತಿ, ಹತ್ತಕ್ಕೂ ಹತ್ತು ಪಾಠ. ಮೂಲ ಯಾವುದು ಎಂದು ಕೇಳಿದರೆ ಉತ್ತರವಿಲ್ಲ. 1973ರ ಡಿಸೆಂಬರಿನಲ್ಲಿ ಎಲ್. ಪೀಟರ್ ಡಾಯ್ಚ್ ಎಂಬಾತ ಇದರಿಂದ ಬೇಸತ್ತು ಒಂದು ಟಿಪ್ಪಣಿ ಬರೆದ. ಆ ಜಾಲದವರಲ್ಲಿ ಒಂದು ಒಳ್ಳೆಯ ಪದ್ಧತಿಯಿತ್ತು. ಯಾರಿಗೇ ಆಗಲಿ ಒಂದು ವಿಚಾರ ಹೊಳೆದರೆ ಅದನ್ನು 'ಅಭಿಪ್ರಾಯಕ್ಕಾಗಿ ವಿನಂತಿ' ಎಂಬ ವಿನಯದ ಹೆಸರಿನಲ್ಲಿ ಸಂಖ್ಯೆ ಹಾಕಿ ಎಲ್ಲರಿಗೂ ಹಂಚುತ್ತಿದ್ದರು. ಡಾಯ್ಚನದು ಅಂಥ 606ನೆಯ ಟಿಪ್ಪಣಿ. ಒಬ್ಬೊಬ್ಬರೂ ಒಂದೊಂದು ಹಳಸಿದ ಪಟ್ಟಿಯನ್ನು ಸಾಕಿಕೊಂಡಿರುವುದು ಅಸಂಬದ್ಧ. ಒಂದೇ ಕಡೆ ಒಂದೇ ಅಧಿಕೃತ ಪಟ್ಟಿಯಿರಲಿ, ಉಳಿದವರು ಅದರಿಂದ ಪ್ರತಿ ಮಾಡಿಕೊಳ್ಳಲಿ ಎಂಬುದು ಅದರ ತಾತ್ಪರ್ಯ. ಮಾತೃಕೆಯೊಂದನ್ನು ಗೊತ್ತುಮಾಡಿ ಎಂದು ಆತ ಕೇಳಿದ ಎನ್ನೋಣ. ಮರುವರ್ಷ ಅದು ಒಪ್ಪಿತವಾಗಿ, ಪಟ್ಟಿಯನ್ನು ಕಾಯುವ ಹೊಣೆ ಮೆನ್ಲೋ ಪಾರ್ಕಿನ ಮಾಹಿತಿ ಕೇಂದ್ರಕ್ಕೆ ಬಂತು.

ಆ ಕೇಂದ್ರವನ್ನು ನಡೆಸಿದಾಕೆ ಎಲಿಜಬೆತ್ ಫೈನ್ಲರ್. ಬಳಗದವರೆಲ್ಲ 'ಜೇಕ್' ಎಂದು ಕರೆಯುತ್ತಿದ್ದ ಈಕೆ ಓದಿದ್ದು ಜೀವರಸಾಯನಶಾಸ್ತ್ರ. ಪಳಗಿದ್ದು ಮಾಹಿತಿಯನ್ನು ಕಲೆಹಾಕಿ ಅಣಿಗೊಳಿಸುವ ಕೆಲಸದಲ್ಲಿ. 1972ರಲ್ಲಿ ಡಗ್ಲಸ್ ಎಂಗಲ್‌ಬಾರ್ಟನ ಪ್ರಯೋಗಶಾಲೆಗೆ ಸೇರಿದಾಗ ಆಕೆಯ ಪಾಲಿಗೆ ಮೊದಲು ಬಂದದ್ದು, ಜಾಲದಲ್ಲಿ ಎಲ್ಲೆಲ್ಲಿ ಏನೇನು ಸಿಗುತ್ತದೆ ಎಂಬ ಕೈಪಿಡಿಯನ್ನು ತಯಾರಿಸುವ ಕೆಲಸ. ಮುಂದೆ 1989ರವರೆಗೆ ಕೇಂದ್ರದ ಮುಖ್ಯಸ್ಥೆಯಾಗಿ ನಡೆದಳು. ಹೊಸ ಯಂತ್ರವೊಂದನ್ನು ಜಾಲಕ್ಕೆ ಸೇರಿಸಬೇಕೆನ್ನುವವರು ಆಕೆಯ ಕಚೇರಿಗೆ ದೂರವಾಣಿಯಲ್ಲೋ ವಿದ್ಯುತ್‌ಪತ್ರದಲ್ಲೋ ತಿಳಿಸಬೇಕು. ಅಲ್ಲಿಯವರು ಆ ಹೆಸರು ಬೇರೆ ಯಾರಿಗೂ ಇಲ್ಲವೆಂದು ನೋಡಿ ಪಟ್ಟಿಗೆ ಒಂದು ಸಾಲು ಸೇರಿಸಬೇಕು. ವಾರಕ್ಕೆ ಒಂದೆರಡು ಸಲ ಹೊಸ ಪಟ್ಟಿ ಹೊರಬೀಳಬೇಕು. ಅದನ್ನು ಎಲ್ಲ ಠಾಣೆಗಳವರೂ ಇಳಿಸಿಕೊಳ್ಳಬೇಕು. ಇಡೀ ಜಾಲದ ನಾಮಕರಣ ಕೆಲವೇ ಜನರ ಕೈಬರೆಹದಂತೆ ಒಂದು ಕೋಣೆಯಿಂದ ನಡೆಯಿತು. ಜಾಲದ ಚರಿತ್ರೆಯನ್ನು ಬರೆಯುವವರು ತಂತಿ ಎಳೆದವರನ್ನೂ ಸೂತ್ರ ಬರೆದವರನ್ನೂ ಹೊಗಳಿ ಈ ಕೋಣೆಯನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುವುದು ನನಗೆ ಸರಿ ಕಾಣುವುದಿಲ್ಲ. ಗ್ರಂಥವೊಂದರ ಕೊನೆಯಲ್ಲಿ ಲಿಪಿಕಾರನ ಹೆಸರಾದರೂ ಇರುತ್ತದೆ.

ಪಟ್ಟಿ ಕುಸಿದದ್ದು ಅದನ್ನು ಕಾಯ್ದವರ ತಪ್ಪಿನಿಂದಲ್ಲ, ಲೆಕ್ಕದಿಂದ. ಜಾಲದಲ್ಲಿ ನೂರು ಯಂತ್ರಗಳಿದ್ದರೆ ನೂರು ಸಾಲಿನ ಪಟ್ಟಿಯನ್ನು ನೂರು ಕಡೆ ಇಳಿಸಬೇಕು. ಸಾವಿರವಾದರೆ ಸಾವಿರ ಸಾಲನ್ನು ಸಾವಿರ ಕಡೆ. ಯಂತ್ರಗಳು ಹತ್ತು ಪಟ್ಟಾದರೆ ಹೊರೆ ನೂರು ಪಟ್ಟು. ಅದೇ ಕಾಲಕ್ಕೆ, ಒಂದು ವಿಶ್ವವಿದ್ಯಾನಿಲಯಕ್ಕೆ ಒಂದು ದೊಡ್ಡ ಕಂಪ್ಯೂಟರು ಎಂಬ ಕಾಲ ಹೋಗಿ ಕೋಣೆಗೊಂದು ಸಣ್ಣ ಕಂಪ್ಯೂಟರು ಬರತೊಡಗಿತ್ತು. 1983ರ ಜನವರಿ 1ರಂದು ಆರ್ಪಾನೆಟ್ ತನ್ನ ಹಳೆಯ ನಿಯಮಾವಳಿಯನ್ನು ಬಿಟ್ಟು ಹೊಸದಕ್ಕೆ ದಾಟಿತು. ಜಾಲಗಳ ಜಾಲ ಹಬ್ಬುವುದಕ್ಕೆ ಬಾಗಿಲು ತೆರೆಯಿತು. ಒಳ್ಳೆಯ ಹೆಸರುಗಳಿಗೆ ಪೈಪೋಟಿ. ದೂರದ ಠಾಣೆಗೆ ಹೊಸ ಪಟ್ಟಿ ತಲುಪುವಷ್ಟರಲ್ಲಿ ಅದರಲ್ಲಿನ ಯಾವುದೋ ಯಂತ್ರ ಆಗಲೇ ಮನೆ ಬದಲಿಸಿರುತ್ತಿತ್ತು.

ಆಗ ಮರೀನಾ ಡೆಲ್ ರೇ ಎಂಬಲ್ಲಿನ ಮಾಹಿತಿ ವಿಜ್ಞಾನ ಸಂಸ್ಥೆಯಲ್ಲಿದ್ದ ಜಾನ್ ಪೋಸ್ಟೆಲ್, ಇಂಟರ್ನೆಟ್ಟಿನ ಅಂಕಿಗಳಿಗೆಲ್ಲ ಶಾನುಭೋಗನಂತಿದ್ದ ಮಹಾಶಯ, ತನ್ನ ಕಿರಿಯ ಸಹೋದ್ಯೋಗಿ ಪಾಲ್ ಮೊಕಾಪೆಟ್ರಿಸ್ ಎಂಬಾತನಿಗೆ ಒಂದು ಕೆಲಸ ವಹಿಸಿದ. ಈ ಸಮಸ್ಯೆಗೆ ಆಗಲೇ ಹಲವರು ಹಲವು ಪರಿಹಾರಗಳನ್ನು ಸೂಚಿಸಿದ್ದರು. ಅವುಗಳ ನಡುವೆ ಒಂದು ರಾಜಿ ಮಾಡಿಸು ಎಂದು. ಮೊಕಾಪೆಟ್ರಿಸ್ ರಾಜಿ ಮಾಡಿಸಲಿಲ್ಲ; ತನ್ನದೇ ಹೊಸದೊಂದನ್ನು ಕಟ್ಟಿದ. 1983ರ ನವೆಂಬರಿನಲ್ಲಿ 882 ಮತ್ತು 883ನೆಯ ಟಿಪ್ಪಣಿಗಳಾಗಿ ಅದು ಹೊರಬಂತು. ಅದರಂತೆ ನಡೆಯುವ ಮೊದಲ ಕಾರ್ಯಕ್ರಮಕ್ಕೆ ಆತ ಕೊಟ್ಟ ಹೆಸರು 'ಜೀವ್ಸ್'. ವುಡ್‌ಹೌಸನನ್ನು ಓದಿದವರಿಗೆ ಈ ಹೆಸರಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಬರ್ಕ್ಲಿ ವಿಶ್ವವಿದ್ಯಾನಿಲಯದ ನಾಲ್ವರು ವಿದ್ಯಾರ್ಥಿಗಳು ಮರುವರ್ಷ ಯೂನಿಕ್ಸ್ ಯಂತ್ರಗಳಿಗಾಗಿ ಇನ್ನೊಂದನ್ನು ಬರೆದರು. ಲೋಕಕ್ಕೆಲ್ಲ ಹಬ್ಬಿದ್ದು ಆ ಸಂತಾನ. ವ್ಯವಸ್ಥೆಯನ್ನು ತಿದ್ದಿ ಸ್ಥಿರಪಡಿಸಿದ ಬರಹಗಳು 1987ರ ನವೆಂಬರಿನವು. ಅವುಗಳ ಮೇಲೆ ಎಷ್ಟೋ ಸೇರ್ಪಡೆಗಳಾಗಿವೆ. ಬುನಾದಿ ಇಂದಿಗೂ ಅದೇ.

ಮೊಕಾಪೆಟ್ರಿಸನ ವಿಚಾರ ಸರಳ. ಎಲ್ಲವನ್ನೂ ಬಲ್ಲ ಒಬ್ಬನು ಬೇಡ. ಯಾರು ಏನನ್ನು ಬಲ್ಲರು ಎಂಬುದನ್ನು ಬಲ್ಲವರು ಸಾಲಾಗಿ ಇದ್ದರೆ ಸಾಕು. ನಾವು ಕಾಗದದ ಮೇಲೆ ವಿಳಾಸ ಬರೆಯುವಾಗ ಮನೆ, ಬೀದಿ, ಊರು, ತಾಲ್ಲೂಕು, ಜಿಲ್ಲೆ ಎಂದು ಚಿಕ್ಕದರಿಂದ ದೊಡ್ಡದಕ್ಕೆ ಹೋಗುತ್ತೇವಷ್ಟೆ. ಅಂಚೆಯವರು ಅದನ್ನು ಓದುವುದು ಕೆಳಗಿನಿಂದ ಮೇಲಕ್ಕೆ. ಹಾಗೆಯೇ ಈ ಹೆಸರುಗಳು. ನಡುನಡುವೆ ಚುಕ್ಕೆಯಿಟ್ಟು ಬರೆದ ಹೆಸರಿನ ಕೊನೆಯ ಭಾಗವನ್ನು ಬಲ್ಲವರು ಒಬ್ಬರು. ಅವರು ಅದರ ಹಿಂದಿನ ಭಾಗವನ್ನು ಬಲ್ಲವರನ್ನು ತೋರಿಸುತ್ತಾರೆ. ಅವರು ಅದರ ಹಿಂದಿನದನ್ನು. ಎಲ್ಲಕ್ಕಿಂತ ಮೇಲೆ ಬೇರು. ಆ ಬೇರಿಗೆ ಹೆಸರಿಲ್ಲ. ಸೊನ್ನೆ ಅಕ್ಷರದ ಹೆಸರು ಅದರದು. ಬರೆಯಲೇಬೇಕಾದರೆ ಒಂದು ಚುಕ್ಕೆ ಮಾತ್ರ. ಹೆಸರುಗಳ ಒಂದು ಮಹಾವೃಕ್ಷ ಹೆಸರಿಲ್ಲದ ಬೇರಿನಿಂದ ಹೊರಡುತ್ತದೆಂಬುದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ನಮ್ಮ ಶರಣರು ಇದನ್ನು ಕೇಳಿದ್ದರೆ ನಗುತ್ತಿದ್ದರೇನೋ. ಆ ಬೇರನ್ನು ಕಾಯುವ ಯಂತ್ರಗಳಿಗೆ ಇಂಗ್ಲಿಷಿನ ಎಯಿಂದ ಎಂವರೆಗಿನ 13 ಅಕ್ಷರಗಳೇ ಗುರುತು. ಅವುಗಳ ಪಡಿಯಚ್ಚುಗಳು ಈಗ ಲೋಕದಾದ್ಯಂತ ಸಾವಿರಕ್ಕೂ ಮಿಕ್ಕ ಕಡೆ ಇವೆ.

ಪ್ರತಿಯೊಂದು ಕೇಳಿಕೆಯೂ ಬೇರಿನವರೆಗೆ ಹೋಗಿಬರುವುದಾದರೆ ಕೆಲಸ ಕೆಟ್ಟಂತೆಯೇ. ಆದ್ದರಿಂದ ಒಮ್ಮೆ ಕೇಳಿ ತಿಳಿದದ್ದನ್ನು ಸ್ವಲ್ಪ ಕಾಲ ನೆನಪಿನಲ್ಲಿ ಇಟ್ಟುಕೊಳ್ಳುವ ಅನುಮತಿ ದಾರಿಯಲ್ಲಿರುವ ಎಲ್ಲರಿಗೂ ಇದೆ. ಎಷ್ಟು ಕಾಲ? ಅದನ್ನು ಹೇಳುವವನು ಹೆಸರಿನ ಒಡೆಯ. ಉತ್ತರದ ಜೊತೆಯಲ್ಲೇ, ಇದು ಇಷ್ಟು ಸೆಕೆಂಡಿನವರೆಗೆ ಸತ್ಯ ಎಂಬ ಅಂಕಿಯೂ ಬರುತ್ತದೆ. 86,400 ಎಂದಿದ್ದರೆ ಒಂದು ದಿನ. ಸತ್ಯಕ್ಕೆ ಆಯುಷ್ಯವನ್ನು ಬರೆದುಕೊಡುವ ಈ ಏರ್ಪಾಟು ನನಗೆ ಬಹಳ ಹಿಡಿಸಿತು. ತೊಡಕುಗಳು ಹುಟ್ಟುವುದೂ ಇಲ್ಲೇ. ಯಂತ್ರದ ಅಂಕಿಯನ್ನು ಈ ಬೆಳಗ್ಗೆ ಬದಲಿಸಿದರೆ, ನೆನ್ನೆ ಮಧ್ಯಾಹ್ನ ಕೇಳಿ ತಿಳಿದವನು ಇಂದು ಮಧ್ಯಾಹ್ನದವರೆಗೆ ಹಳೆಯದನ್ನೇ ಹೇಳುತ್ತಾನೆ. ಅವನದು ಸುಳ್ಳಲ್ಲ, ಅವಧಿ ಮೀರದ ನೆನಪು. ಇನ್ನೂ ಸೋಜಿಗವೆಂದರೆ 'ಇಲ್ಲ' ಎಂಬ ಉತ್ತರಕ್ಕೂ ಆಯುಷ್ಯವುಂಟು. 1998ರ ಒಂದು ಟಿಪ್ಪಣಿ ಅದರ ಕ್ರಮವನ್ನು ಗೊತ್ತುಮಾಡಿತು. ಹೊಸ ಯಂತ್ರದ ಹೆಸರನ್ನು ದಾಖಲಿಸುವ ಮೊದಲೇ ಆತುರದವನೊಬ್ಬ ಅದನ್ನು ಕೇಳಿಬಿಟ್ಟರೆ 'ಇಲ್ಲ' ಎಂಬುದು ನೆನಪಿಗೆ ಸೇರುತ್ತದೆ. ದಾಖಲಾದ ಮೇಲೂ ಕೆಲವು ಹೊತ್ತು ಅದೇ ಉತ್ತರ.

ಚಿಕ್ಕ ಕಚೇರಿಗಳ ಯಂತ್ರಗಳಿಗೆ ಇನ್ನೊಂದು ವಂಶದ ರಕ್ತವೂ ಉಂಟು. ದೊಡ್ಡ ಜಾಲದವರು ವೃಕ್ಷ ಕಟ್ಟುತ್ತಿದ್ದ ಅದೇ 1983ರಲ್ಲಿ ಐಬಿಎಂ ಕಂಪನಿಯ ಮೇಜುಗಣಕಗಳಿಗಾಗಿ ಸೈಟೆಕ್ ಎಂಬ ಕಂಪನಿ ನೆಟ್‌ಬಯಾಸ್ ಎಂಬ ಏರ್ಪಾಟನ್ನು ಮಾಡಿಕೊಟ್ಟಿತು. ಅಲ್ಲಿ ಪಟ್ಟಿಯೂ ಇಲ್ಲ, ವೃಕ್ಷವೂ ಇಲ್ಲ, ಇರುವುದು ಕೂಗು. "ಇಲ್ಲಿ ಭಂಡಾರ ಯಾರು?" ಎಂದು ಒಂದು ಯಂತ್ರ ಕೋಣೆಗೆಲ್ಲ ಕೇಳುವಂತೆ ಕೂಗುವುದು, "ನಾನು" ಎಂದು ಆ ಹೆಸರಿನದು ಓಗೊಡುವುದು. ಒಂದೇ ಹಜಾರದ ಸಂಸಾರಕ್ಕೆ ಇದಕ್ಕಿಂತ ಸುಲಭದ್ದಿಲ್ಲ. ಆದರೆ ಜಾಲವನ್ನು ಎರಡಾಗಿ ವಿಭಾಗಿಸಿದ ದಿನ ಕೂಗು ಗೋಡೆ ದಾಟುವುದಿಲ್ಲ. ಹೆಸರಿನ ಉದ್ದವೂ 15 ಅಕ್ಷರಕ್ಕೆ ಮುಗಿಯುತ್ತದೆ. ಹದಿನಾರನೆಯ ಅಕ್ಷರದಲ್ಲಿ ಮಾತ್ರ ವ್ಯತ್ಯಾಸವಿರುವ ಎರಡು ಯಂತ್ರಗಳು ಆ ಕೂಗಿಗೆ ಒಂದೇ. ವಿಂಡೋಸ್ ಬಳಸುವ ಕಚೇರಿಗಳು 2000ದಿಂದೀಚೆಗೆ ಬಹುಮಟ್ಟಿಗೆ ವೃಕ್ಷಕ್ಕೆ ಬಂದುವು. ಕೂಗುವ ಅಭ್ಯಾಸ ಮಾತ್ರ ಪೂರ್ತಿ ಬಿಡಲಿಲ್ಲ.

ಇಲ್ಲಿಗೆ ನನ್ನ ಮುಖ್ಯವಾದ ಮಾತಿಗೆ ಬಂದೆ. ಹೊಸದು ಬಂದಾಗ ಹಳೆಯದನ್ನು ಯಾರೂ ಎಸೆಯಲಿಲ್ಲ. ವೃಕ್ಷ ಬಂದ ಮೇಲೆ ಮೆನ್ಲೋ ಪಾರ್ಕಿನ ಮಹಾಪಟ್ಟಿ ಹೋಯಿತು. ಆದರೆ ಅದನ್ನು ಇಳಿಸಿ ಇಟ್ಟುಕೊಳ್ಳುತ್ತಿದ್ದ ಗೂಡು ಪ್ರತಿಯೊಂದು ಯಂತ್ರದಲ್ಲೂ ಉಳಿಯಿತು. ಅದರ ಹೆಸರು ಈಗಲೂ 'ಹೋಸ್ಟ್ಸ್'. ಯೂನಿಕ್ಸ್ ವಂಶದ ಯಂತ್ರಗಳಲ್ಲೂ ವಿಂಡೋಸಿನಲ್ಲೂ ಅದು ಇರುವ ಕಪಾಟಿಗೆ 'ಇತ್ಯಾದಿ' ಎಂಬರ್ಥದ ಮೂರಕ್ಷರದ ಹೆಸರು. ಹಳೆಯ ಮನೆಗಳ ಅಟ್ಟವನ್ನು ನೆನೆಸಿಕೊಳ್ಳಿ. ಸಾಮಾನ್ಯವಾಗಿ ಯಂತ್ರ ಮೊದಲು ನೋಡುವುದು ಈ ಅಟ್ಟವನ್ನೇ. ಅಲ್ಲಿ ಹೆಸರಿದ್ದರೆ ಆಚೆ ಯಾರನ್ನೂ ಕೇಳುವುದಿಲ್ಲ. ಅಲ್ಲಿ ಇಲ್ಲದಿದ್ದರೆ ತನ್ನ ನೆನಪು, ಆಮೇಲೆ ಹೆಸರು ಹೇಳುವ ಯಂತ್ರ, ಅದೂ ಕೈಚೆಲ್ಲಿದರೆ ಕೂಗು. ಅಲ್ಲಿ ಬರೆದ ಸಾಲಿಗೆ ಸೆಕೆಂಡುಗಳ ಆಯುಷ್ಯವೂ ಇಲ್ಲ. ಅಳಿಸುವವರೆಗೆ ಅದು ಚಿರಂಜೀವಿ.

ನಮ್ಮ ಕಚೇರಿಗೆ ಬಂದ ತರುಣ ಮಾಡಿದ್ದು ಈ ಪದರಗಳನ್ನು ಒಂದೊಂದಾಗಿ ಬಿಚ್ಚುವ ಕೆಲಸ. ಅವನು ಯಾವ ಹಳೆಯ ಟಿಪ್ಪಣಿಯನ್ನೂ ಓದಿದವನಲ್ಲ. ಆದರೂ ಬಲ್ಲ ಸಂಪಾದಕನೊಬ್ಬ ಪ್ರತಿಗಳನ್ನು ಹೋಲಿಸುವ ರೀತಿಯಲ್ಲೇ ನಡೆದ. ಭಂಡಾರವೆಂಬ ಹೆಸರಿಗೆ ಆ ಯಂತ್ರ ಯಾವ ಅಂಕಿಯನ್ನು ಹಿಡಿದಿದೆಯೆಂದು ಮೊದಲು ನೋಡಿದ. 192.168.1.20 ಎಂದು ಬಂತು. ಆ ಅಂಕಿಯಿಂದ ಕೂಡಲೇ ಓಗೊಡುವಿಕೆಯೂ ಬಂತು. ಮೂರು ದಿನ ನಮ್ಮನ್ನೆಲ್ಲ ದಾರಿ ತಪ್ಪಿಸಿದ್ದು ಈ ಓಗೊಡುವಿಕೆಯೇ: ಭಂಡಾರ ಉತ್ತರ ಕೊಡುತ್ತಿದೆ, ಆದರೂ ಆಕೆಗೆ ತೆರೆಯುತ್ತಿಲ್ಲ, ಆದ್ದರಿಂದ ದೋಷ ಆಕೆಯದು. ಎರಡನೆಯದಾಗಿ, ಹೆಸರು ಹೇಳುವ ಯಂತ್ರವನ್ನೇ ನೇರವಾಗಿ ಕೇಳುವ ಆದೇಶವೊಂದನ್ನು ಕೊಟ್ಟ. ಅಲ್ಲಿಂದ ಬಂದ ಉತ್ತರ 192.168.1.35. ಒಂದೇ ಹೆಸರಿಗೆ ಎರಡು ಪಾಠ!

"ಎರಡೂ ನಿಜವಾಗಿರೋಕೆ ಆಗಲ್ಲ ಸಾರ್," ಎಂದು ಅವನು 20ನೆಯ ಅಂಕಿಯನ್ನು ನೇರವಾಗಿ ತೆರೆದ. ತೆರೆಯ ಮೇಲೆ ಬಂದದ್ದು ನಮ್ಮ ಪ್ರಿಂಟರಿನ ಪುಟ. ಹಳೆಯ ಪೆಟ್ಟಿಗೆ ಬಿಟ್ಟುಹೋದ ಅಂಕಿ ಖಾಲಿಯಿದೆಯೆಂದು ಅದನ್ನು ಪ್ರಿಂಟರಿಗೆ ಕೊಟ್ಟಿದ್ದರು. ನಾಲ್ಕು ದಿನ ಆಕೆ ಲೆಕ್ಕದ ಪುಸ್ತಕ ಕೊಡೆಂದು ಕೇಳುತ್ತಿದ್ದುದು ಪ್ರಿಂಟರನ್ನು.

ಇನ್ನುಳಿದದ್ದು ಆ ಒಂದು ಯಂತ್ರ ಹಳೆಯ ಪಾಠವನ್ನು ಎಲ್ಲಿಂದ ತಂದಿತು ಎಂಬುದು. ಇಂಥ ಕಚೇರಿಗಳಲ್ಲಿ ಪದೇಪದೇ ಕಾಣುವ ಇನ್ನೊಂದು ದೋಷವುಂಟೆಂದು ಅವನು ಹೇಳಿದ: ಒಳಗಿನ ಹೆಸರನ್ನು ಹೊರಗಿನ, ಇಂಟರ್ನೆಟ್ ಒದಗಿಸುವವರ ಯಂತ್ರದ ಬಳಿ ಕೇಳುವುದು. ಅದಕ್ಕೆ ನಮ್ಮ ಭಂಡಾರ ಹೇಗೆ ಗೊತ್ತಿರಬೇಕು? 'ಇಲ್ಲ' ಎಂದು ಖಚಿತವಾಗಿ ಹೇಳುತ್ತದೆ. ಖಚಿತವಾದ ಉತ್ತರ ಬಂದಿತೆಂದು ನಮ್ಮ ಯಂತ್ರ ಇನ್ನೊಬ್ಬರನ್ನು ಕೇಳದೆ ಸುಮ್ಮನಾಗುತ್ತದೆ. ನಮ್ಮದು ಅದಲ್ಲ, ಅದಾಗಿದ್ದರೆ 'ಇಲ್ಲ' ಎಂದು ಬರಬೇಕಿತ್ತು, ಹಳೆಯ ಅಂಕಿ ಬರುತ್ತಿರಲಿಲ್ಲ. ನೆನಪನ್ನು ತೊಳೆದು ನೋಡಿದ; ಮತ್ತೆ 20. ಆಮೇಲೆ ಅಟ್ಟ ಹತ್ತಿದ. 'ಹೋಸ್ಟ್ಸ್' ಕಡತದ ಕೊನೆಯಲ್ಲಿ ಒಂದು ಸಾಲು: ಅಂಕಿ, ಅದರ ಮುಂದೆ ಭಂಡಾರ. ಅದರ ಮೇಲೆ, ಯಂತ್ರ ಓದದೆ ಬಿಡುವಂತೆ ಮೊದಲಿಗೊಂದು ಗುರುತು ಹಾಕಿ ಬರೆದ ಇನ್ನೊಂದು ಸಾಲು: ಐದು ವರ್ಷದ ಹಿಂದಿನ ಒಂದು ತಾರೀಕು, 'ತಾತ್ಕಾಲಿಕ' ಎಂಬರ್ಥದ ಒಂದು ಇಂಗ್ಲಿಷ್ ಪದ.

ಪ್ರಕ್ಷಿಪ್ತ ಎಂದರೆ ಇದು. ಹಾಗೆ ಮನಸ್ಸಿನಲ್ಲೇ ಅಂದುಕೊಂಡು ತಾರೀಕನ್ನು ಇನ್ನೊಮ್ಮೆ ನೋಡಿದಾಗ ನನಗೆ ನೆನಪಾಯಿತು. ಅದು ತಿಂಗಳ ಕೊನೆಯ ದಿನ. ಹೆಸರು ಹೇಳುವ ಯಂತ್ರ ಅಂದು ಬೆಳಗ್ಗೆ ಕೆಟ್ಟುನಿಂತಿತ್ತು. ಅಂದು ಬಂದಿದ್ದ ಬೇರೊಬ್ಬ ಹುಡುಗನಿಗೆ, "ಏನಾದರೂ ಮಾಡಪ್ಪ, ಲೆಕ್ಕದ ಮೇಜು ಒಂದು ನಡೆದರೆ ಸಾಕು, ಇವತ್ತು ಎಲ್ಲರಿಗೂ ಸಂಬಳ ಆಗಬೇಕು," ಎಂದು ಅವಸರಪಡಿಸಿದವನು ನಾನು. ಅವನು ಏನೋ ಮಾಡಿದ, ಸಂಬಳವಾಯಿತು. ಐದು ವರ್ಷ ಆ ಸಾಲು ನಿಜವನ್ನೇ ಹೇಳುತ್ತಿದ್ದುದರಿಂದ ಯಾರಿಗೂ ಅದರ ನೆನಪಾಗಲಿಲ್ಲ.

ದೊಡ್ಡವರ ಮನೆಯಲ್ಲೂ ಈ ಬಗೆಯದು ನಡೆದಿದೆ. 1997ರ ಜುಲೈಯಲ್ಲಿ 'ಕಾಂ' ಎಂದು ಕೊನೆಗೊಳ್ಳುವ ಹೆಸರುಗಳ ಇಡೀ ದಾಖಲೆ ಕೆಟ್ಟಿತು. ಕಡತ ದೋಷಪೂರ್ಣವೆಂದು ಯಂತ್ರ ಎಚ್ಚರಿಸಿದರೂ ಅದನ್ನು ಕಡೆಗಣಿಸಿ ಒಬ್ಬ ಕೆಲಸಗಾರ ಹೊರಬಿಟ್ಟಿದ್ದ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಸುಮಾರು ಆರು ಗಂಟೆ ಲೋಕದಿಂದ ಮರೆಯಾಯಿತು. ಅಂದು ಮೂಲದೋಷ ಹೆಸರಿನದಲ್ಲ, ಕಂಪನಿಯ ಒಳದಾರಿಗಳದು. ಆದರೆ ಒಳಗಿನ ಸಂಪರ್ಕ ಕಡಿದದ್ದನ್ನು ಕಂಡ ಹೆಸರು ಹೇಳುವ ಯಂತ್ರಗಳು ತಾವೇ ಜಾಲದಿಂದ ಹಿಂದೆ ಸರಿದುವು. ಹೊರಗಿನವರಿಗೆ ಕಂಡದ್ದು ಹೆಸರಿಗೆ ಉತ್ತರವಿಲ್ಲದಿರುವುದು.

ಭಂಡಾರ ಎಂಬ ಹೆಸರನ್ನು ನಾವು ಬರೆದದ್ದು ರೋಮನ್ ಅಕ್ಷರಗಳಲ್ಲಿ ಎಂಬುದನ್ನು ಹೇಳಲು ಮರೆತೆ. ಮೊದಲ ಪಟ್ಟಿಯ ಕಾಲದಿಂದ ಹೆಸರಿಗೆ ಇಂಗ್ಲಿಷಿನ ಅಕ್ಷರ, ಅಂಕಿ, ಒಂದು ಅಡ್ಡಗೀಟು ಇಷ್ಟೇ ಸಲ್ಲುತ್ತಿದ್ದುದು. ಭಾರತಕ್ಕೆ 'ಇನ್' ಎಂಬ ಎರಡಕ್ಷರದ ಕೊಂಬೆ ಸಿಕ್ಕಿದ್ದು 1989ರಲ್ಲಿ. ಬೇರೆ ಲಿಪಿಗಳ ಹೆಸರುಗಳಿಗೆ 2003ರಲ್ಲಿ ದಾರಿಯಾಯಿತು. ಕನ್ನಡ ಲಿಪಿಯ 'ಭಾರತ'ವೂ ಈಗ ಬೇರಿನ ಕೆಳಗಿನ ಒಂದು ಕೊಂಬೆ. ಆದರೆ ಒಳಗೆ ಹೋಗಿ ನೋಡಿದರೆ ಆ ಕೊಂಬೆಯನ್ನು ಬರೆದಿಟ್ಟಿರುವುದು ಓದಲು ಬಾರದ ರೋಮನ್ ಅಕ್ಷರ-ಅಂಕಿಗಳ ಗಂಟಿನಲ್ಲಿ. ಹಳೆಯ ಪದರದ ಮೇಲೆ ಹೊಸದನ್ನು ಹೊದಿಸುವುದು ಇಲ್ಲೂ ತಪ್ಪಲಿಲ್ಲ.

ತರುಣ ಆ ಸಾಲನ್ನು ಅಳಿಸಲಿಲ್ಲ. ಅದರ ಮೊದಲಿಗೂ ಓದದೆ ಬಿಡುವ ಗುರುತನ್ನು ಹಾಕಿ, ಅಂದಿನ ತಾರೀಕು ಬರೆದ. ಭಂಡಾರ ತೆರೆಯಿತು. ಲೆಕ್ಕ ನೆಟ್ಟಗಿತ್ತು, ಪರಿಶೋಧಕರು ಎರಡು ದಿನದಲ್ಲಿ ಮುಗಿಸಿಕೊಂಡು ಹೋದರು. ನಾನು ಮೆಮೊವನ್ನು ಹಿಂದಕ್ಕೆ ಪಡೆಯುವ ಕಾಗದ ಬರೆದು, ಐದು ವರ್ಷದ ಹಿಂದಿನ ನನ್ನ ಮಾತನ್ನೂ ಅದರಲ್ಲಿ ಸೇರಿಸಿ ಆಕೆಗೆ ಕೊಟ್ಟೆ. ಆಕೆಯ ವಿವರಣೆ ಆಗಲೇ ಸಿದ್ಧವಾಗಿತ್ತು, ಎರಡು ಪುಟ, ದುಂಡಗಿನ ಕೈಬರಹದಲ್ಲಿ. ಇನ್ನು ಅದರ ಅಗತ್ಯವಿಲ್ಲ, ಮೆಮೊವನ್ನೂ ಹರಿದುಹಾಕಿಬಿಡೋಣ ಎಂದೆ.

"ಬೇಡ ಸಾರ್," ಎಂದರು ಆಕೆ. "ಎಲ್ಲವೂ ಫೈಲಿನಲ್ಲಿ ಇರಲಿ. ಹರಿದರೆ ಮುಂದೆ ಬಂದವರಿಗೆ ಏನಾಯಿತು ಅಂತ ತಿಳಿಯೋದು ಹೇಗೆ?"

ಮೆಮೊ, ವಿವರಣೆ, ನನ್ನ ಕಾಗದ ಮೂರೂ ಒಂದೇ ದಾರದಲ್ಲಿ ಸೇರಿ ಅಲ್ಲಿವೆ. ಅವುಗಳ ಹಿಂದೆ ಆ ಎರಡು ಸಾಲಿನ ಕಡತದ ಒಂದು ಹಾಳೆಯೂ ಇದೆ. ಅದನ್ನು ಮುದ್ರಿಸಿಕೊಟ್ಟದ್ದು 20ನೆಯ ಅಂಕಿಯ ಆ ಪ್ರಿಂಟರೇ.